ತುಕ್ಕು ಹಿಡಿದದ್ದು ಅವರ ಪೈಪಿಗೆ, ದಂಡ ಮಾತ್ರ ನನಗೆ

ಬಾಡಿಗೆ ಮನೆಯ ಬಾತ್‌ರೂಮಿನ ನಲ್ಲಿ ಸೋರುತ್ತಿತ್ತು, ಅಷ್ಟೇ. ವಾಷರ್ ಹೋಗಿರಬೇಕು ಅಂತ ಪ್ಲಂಬರ್‌ನನ್ನು ಕರೆಸಿದೆ. ಅವನು ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ್ದೇ ತಡ, ಕಟಕ್! ನಲ್ಲಿ ಅವನ ಕೈಗೆ ಬಂತು, ಅದರ ಬುಡ ಗೋಡೆಯೊಳಗೇ ಉಳಿಯಿತು. ಓಡಿಹೋಗಿ ಟೆರೇಸಿನ ವಾಲ್ವ್ ಮುಚ್ಚೋಣ ಅಂದರೆ ಅದೂ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಸುತ್ತಿಗೆಯಲ್ಲಿ ತಟ್ಟಿದರೂ ಜಗ್ಗಲಿಲ್ಲ, ಕೊನೆಗೆ ಟ್ಯಾಂಕು ಖಾಲಿಯಾಗುವವರೆಗೆ ನೀರೆಲ್ಲ ಮೋರಿಪಾಲು. ಬೆಂಗಳೂರಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ!

ಟೈಲ್ಸ್ ಒಡೆದು ಪೈಪ್ ಹೊರಗೆ ತೆಗೆದಾಗ ನೋಡಬೇಕಿತ್ತು. ಅರ್ಧ ಇಂಚಿನ ಜಿಐ ಪೈಪು, ಒಳಗೆ ಪೆನ್ಸಿಲ್ ತೂರುವಷ್ಟೂ ಜಾಗ ಇಲ್ಲ. ಕೆಂಪಗೆ ಗಂಟುಗಂಟು, ಉಗುರಲ್ಲಿ ಕೆರೆದರೆ ಇಟ್ಟಿಗೆ ಪುಡಿ ಉದುರಿದ ಹಾಗೆ ಉದುರಿತು. ದಿನಾ ಬೆಳಿಗ್ಗೆ ಮೊದಲ ಬಕೆಟ್ ನೀರು ಟೀ ಬಣ್ಣದಲ್ಲಿ ಬರುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಓನರ್‌ಗೆ ಫೋನ್ ಮಾಡಿದೆ. "ನಾವಿದ್ದಾಗ ಏನೂ ಆಗಿರ್ಲಿಲ್ಲಮ್ಮ, ನೀವು ಜೋರಾಗಿ ತಿರುಗಿಸಿರ್ತೀರ. ಅಡ್ವಾನ್ಸಲ್ಲಿ ಮುರ್ಕೋತೀನಿ ಬಿಡಿ."

ಬಿಡಿ ಅಂತೆ! ಮನೆ ಕಟ್ಟಿ 28 ವರ್ಷ, ನಾವು ಬಂದು 2 ವರ್ಷ. ಜಿಐ ಪೈಪ್ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಆ ಲೇಪ ಇರುವಷ್ಟು ದಿನ ಕಬ್ಬಿಣ ಬಚಾವ್, ಸವೆದ ಮೇಲೆ ತುಕ್ಕಿಗೆ ಹಬ್ಬ. ಹಿತ್ತಾಳೆ ನಲ್ಲಿ ಕೂರಿಸಿದ ಜಾಗದಲ್ಲಂತೂ ಇನ್ನೂ ಬೇಗ, ಎರಡು ಬೇರೆ ಲೋಹ ನೀರಲ್ಲಿ ಜೊತೆಗಿದ್ದರೆ ಪೆಟ್ಟು ಬೀಳುವುದು ಕಬ್ಬಿಣಕ್ಕೇ. ಇದರಲ್ಲಿ ನನ್ನ ಕೈಬಲ ಎಲ್ಲಿಂದ ಬಂತು? ನಾನೇನು ಪೈಲ್ವಾನಾ?

ಗೀಸರ್ ವಿಷಯದಲ್ಲಿ ನಾನು ತುಟಿಪಿಟಿಕ್ ಅಂದಿಲ್ಲ. ಬೋರ್ ನೀರಿನ ಸುಣ್ಣ ಅಂಟಿ ನೀರು ಕಾಯಿಸುವ ಎಲಿಮೆಂಟು ಥೇಟ್ ಚಕ್ಕುಲಿ ಆಗಿತ್ತು, ಎರಡು ಸಲ ನನ್ನ ದುಡ್ಡಲ್ಲೇ ಹಾಕಿಸಿದೆ. ಒಳಗೆ ಆನೋಡ್ ರಾಡ್ ಅಂತ ಮೆಗ್ನೀಸಿಯಂ ಸರಳು ಇರುತ್ತದೆ, ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ನಮ್ಮದರಲ್ಲಿ ಬರೀ ತಂತಿ ಉಳಿದಿತ್ತು. ಹಾಕಿಸಿದ ದಿನದಿಂದ ಯಾರೂ ಅದನ್ನು ಬಿಚ್ಚಿಯೇ ಇಲ್ಲ, ಅಲ್ವಾ?

2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ತೆಗೆದು ನೋಡಿದೆ. ಒಪ್ಪಂದದಲ್ಲಿ ಬೇರೆ ಥರ ಬರೆದಿಲ್ಲ ಅಂದರೆ ನಲ್ಲಿಯ ವಾಷರ್, ಗೀಸರ್ ರಿಪೇರಿ ಬಾಡಿಗೆಯವರದು, ಪೈಪ್ ಬದಲಿಸುವುದು ಮನೆ ಮಾಲೀಕರದು. ವಸತಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ ಅಂತಲೂ ಇದೆ. ನಾವು ಕೊಟ್ಟಿರುವುದು ಹತ್ತು ತಿಂಗಳದ್ದು! ಆದರೆ ಅದು ಬರೀ ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ತಾನೇ ಉಂಟು. ಓನರ್‌ಗೆ ಇದನ್ನೆಲ್ಲ ಕಳಿಸಿದೆ. ಹೆಬ್ಬೆರಳಿನ ಇಮೋಜಿ ಬಂತು.

ಗೋಡೆಯ ತೂತು ಇನ್ನೂ ಹಾಗೇ ಇದೆ, ಮೂರನೇ ವಾರ. ಪೈಪಿನ ತುಂಡನ್ನು ಕವರಲ್ಲಿ ಸುತ್ತಿ ಬಾಲ್ಕನಿಯಲ್ಲಿ ಇಟ್ಟಿದ್ದೇನೆ, ಕಸದವರಿಗೆ ಕೊಡಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಇಂಥ ಕೇಸಲ್ಲಿ ಅಡ್ವಾನ್ಸ್ ಪೂರ್ತಿ ವಾಪಸ್ ತಗೊಂಡ ಪುಣ್ಯಾತ್ಮರು ಯಾರಾದರೂ ಇದ್ದೀರಾ? ಹೇಗೆ ಅಂತ ಸ್ವಲ್ಪ ಹೇಳಿ.