ಕಿಸ್ಕೆನಾ, ಹಾನ್ಸಿನಾ ಅಂತ ಕೇಳೋದು ಬಿಡಿ, ಡ್ರಮ್ ಬಾರಿಸಿದ್ದು ಯಾರು ಹೇಳಿ

ಜರ್ಮನ್ ಪವರ್ ಮೆಟಲ್, ಅಂದರೆ ಓಟದ ಡ್ರಮ್ಮಿನ ಮೇಲೆ ಎತ್ತರದ ದನಿಯಲ್ಲಿ ಹಾಡೋ ಹೆವಿ ಮೆಟಲ್, ಕೇಳೋ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲಿಗೆ ಹೋಗುತ್ತೆ ಅಂತ ಹೇಳೋಕೆ ಜ್ಯೋತಿಷ್ಯ ಬೇಕಿಲ್ಲ. ಹೆಲೋವೀನ್ ಬ್ಯಾಂಡ್ ದೊಡ್ಡದಾ, ಬ್ಲೈಂಡ್ ಗಾರ್ಡಿಯನ್ ಬ್ಯಾಂಡ್ ದೊಡ್ಡದಾ? ಹೆಲೋವೀನ್‌ನ 'ಕೀಪರ್ ಆಫ್ ದ ಸೆವೆನ್ ಕೀಸ್' ಆಲ್ಬಂನ ಮೊದಲ ಭಾಗವಾ, ಎರಡನೇ ಭಾಗವಾ? ಅಷ್ಟರಲ್ಲಿ ಒಬ್ಬ ಹೆಲೋವೀನ್‌ನ ಗಾಯಕ ಮೈಕೆಲ್ ಕಿಸ್ಕೆ ಪಾರ್ಟಿ, ಇನ್ನೊಬ್ಬ ಬ್ಲೈಂಡ್ ಗಾರ್ಡಿಯನ್‌ನ ಗಾಯಕ ಹಾನ್ಸಿ ಕುರ್ಷ್ ಪಾರ್ಟಿ ಆಗಿರುತ್ತಾರೆ. ಮೂರನೆಯವನು ಹೆಲೋವೀನ್ ಕಟ್ಟಿದ ಕಾಯ್ ಹಾನ್ಸೆನ್ ಇಲ್ಲದೆ ಇದ್ಯಾವುದೂ ಇರ್ತಿರಲಿಲ್ಲ ಅಂತ ಕೂಗುತ್ತಾನೆ. ನಾಲ್ಕನೆಯವನು 'ಇದೆಲ್ಲ ಮಕ್ಕಳ ಹಾಡು, ಥ್ರ್ಯಾಶ್ ಹಾಕ್ರೋ' ಅಂತ ಇನ್ನೂ ಒರಟಾದ ಮೆಟಲ್ ಕೇಳ್ತಾನೆ. ಅವನನ್ನು ಸದ್ಯಕ್ಕೆ ಬಿಡೋಣ.

ಈ ಜಗಳ ನನಗೆ ಇಷ್ಟವೇ. ಆದರೆ ಎಲ್ಲರೂ ಗಂಟಲನ್ನಷ್ಟೇ ಅಳೆಯುತ್ತಾರಲ್ಲ, ಅದು ಬೇಜಾರು. ಯಾರು ಎಷ್ಟು ಮೇಲಕ್ಕೆ ಹೋದ, ಯಾರು ಎಷ್ಟು ಹೊತ್ತು ಎಳೆದ, ಈಗಲೂ ಸ್ಟೇಜ್ ಮೇಲೆ ಹಾಗೇ ಹಾಡ್ತಾನಾ ಇಲ್ವಾ, ಅಷ್ಟೇ. ನನ್ನ ವಾದ ಬೇರೆ. ಜರ್ಮನ್ ಪವರ್ ಮೆಟಲ್ ಅನ್ನೋದು ಡ್ರಮ್ಮರ್‌ನ ಕಾಲಲ್ಲಿ ಹುಟ್ಟಿದ ಸಂಗೀತ. ಯಾವ ಬ್ಯಾಂಡ್ ಯಾವಾಗ ಮೇಲೆದ್ದಿತು, ಯಾವಾಗ ಮುಗ್ಗರಿಸಿತು ಅಂತ ತಿಳಿಯಬೇಕಾದರೆ ಡ್ರಮ್ ಹಿಂದೆ ಕೂತವನನ್ನು ನೋಡಿ. ಯಕ್ಷಗಾನ ನೋಡಿ ಬಂದವರು ಭಾಗವತರ ಹೆಸರು ಹೇಳ್ತಾರೆ, ವೇಷದವರ ಹೆಸರು ಹೇಳ್ತಾರೆ. ಆದರೆ ಚೆಂಡೆಯವನು ಕೈಕೊಟ್ಟರೆ ಆಟ ಅಲ್ಲಿಗೇ ಮುಗೀತು, ಅಲ್ವಾ?

ನಮ್ಮಲ್ಲಿ ಸುಮಾರು ಜನ ಈ ಸಂಗೀತಕ್ಕೆ ಬಂದಿದ್ದು ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ದಾರಿಯಲ್ಲಿ. 2007ರಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದ ಮೇಲಂತೂ ಹೇಳೋದೇ ಬೇಡ. ಆದರೆ ಮೇಡನ್‌ನ ಓಟ ಬೇರೆ ಥರದ್ದು. ಅಲ್ಲಿ ಕುದುರೆ ಓಡಿಸೋದು ಸ್ಟೀವ್ ಹ್ಯಾರಿಸ್‌ನ ಬಾಸ್ ಗಿಟಾರು. ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಬಹುಮಟ್ಟಿಗೆ ಬಾಸ್ ಡ್ರಮ್ಮಿಗೆ ಒಂದೇ ಕಾಲಿನ ಪೆಡಲ್ ಇಟ್ಟುಕೊಂಡು ಜೀವನ ಕಳೆದವನು. ಜರ್ಮನ್ನರು ಎರಡೂ ಕಾಲನ್ನು ಕೆಲಸಕ್ಕೆ ಹಚ್ಚಿದರು. 1982ರಲ್ಲಿ ಆಕ್ಸೆಪ್ಟ್ ಬ್ಯಾಂಡ್‌ನ 'ಫಾಸ್ಟ್ ಆ್ಯಸ್ ಎ ಶಾರ್ಕ್' ಬಂತು. ಶುರುವಿಗೆ ಒಂದು ಹಳೇ ಜರ್ಮನ್ ಜನಪದ ಹಾಡಿನ ರೆಕಾರ್ಡ್ ಓಡುತ್ತೆ. ಅದು ಕರಕರ ಅಂತ ಕೆಟ್ಟು ನಿಲ್ಲುತ್ತೆ, ಒಂದು ಕಿರುಚಾಟ, ಆಮೇಲೆ ಸ್ಟೆಫಾನ್ ಕೌಫ್‌ಮನ್‌ನ ಎರಡು ಕಾಲು. ಮುಂದೆ ಬಂದ ಅರ್ಧ ಸಂಗೀತಕ್ಕೆ ಬೀಜ ಅಲ್ಲಿದೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಗಮನಿಸಿ. ಕೆಳಗೆ ಕಾಲುಗಳು ಬಿಡುವಿಲ್ಲದೆ ದಡದಡ ಓಡ್ತಾ ಇರುತ್ತವೆ. ಮೇಲೆ ಗಾಯಕ ಅವಸರವೇ ಇಲ್ಲದವನ ಹಾಗೆ ಉದ್ದುದ್ದ ಸ್ವರ ಎಳೀತಾ ಇರುತ್ತಾನೆ. ಓಟ ಕೆಳಗೆ, ನಿಧಾನ ಮೇಲೆ. ಆ ಎರಡರ ನಡುವಿನ ಅಂತರದಲ್ಲೇ ನಮಗೆ ಹಾರಿದ ಹಾಗೆ ಅನಿಸೋದು. ಕಾಲು ತೆಗೆದುಬಿಡಿ, ಅದೇ ಗಂಟಲು ಸುಮ್ನೆ ಒಂದು ಚೆಂದದ ಪಾಪ್ ಗಂಟಲಾಗಿ ಉಳಿಯುತ್ತೆ.

ಈಗ ಹೆಲೋವೀನ್‌ಗೆ ಬರೋಣ. 1984ರಲ್ಲಿ ಹ್ಯಾಂಬರ್ಗ್‌ನಲ್ಲಿ ಶುರುವಾದ ಬ್ಯಾಂಡ್. ಗಿಟಾರಿಗೆ ಕಾಯ್ ಹಾನ್ಸೆನ್, ಮೈಕೆಲ್ ವೈಕಾತ್, ಬಾಸ್‌ಗೆ ಮಾರ್ಕುಸ್ ಗ್ರೋಸ್ಕಾಫ್, ಡ್ರಮ್‌ಗೆ ಇಂಗೊ ಶ್ವಿಖ್ಟೆನ್‌ಬರ್ಗ್. 1985ರ 'ವಾಲ್ಸ್ ಆಫ್ ಜೆರಿಕೋ'ದಲ್ಲಿ ಹಾನ್ಸೆನ್ನೇ ಹಾಡಿದ. ಅದು ಇನ್ನೂ ಒರಟು, ಅರ್ಧ ಥ್ರ್ಯಾಶ್. ಆಮೇಲೆ ಕಿಸ್ಕೆ ಬಂದ, ಆಗಿನ್ನೂ ಹದಿನೆಂಟು ಹತ್ತೊಂಬತ್ತರ ಹುಡುಗ. 1987ರಲ್ಲಿ ಕೀಪರ್ ಮೊದಲ ಭಾಗ, 1988ರಲ್ಲಿ ಎರಡನೆಯದು. ಎರಡನ್ನೂ ಸೇರಿಸಿ ಡಬಲ್ ಆಲ್ಬಂ ಆಗಿಯೇ ತರಬೇಕು ಅಂತ ಬ್ಯಾಂಡ್‌ಗೆ ಆಸೆ ಇತ್ತು, ನಾಯ್ಸ್ ರೆಕಾರ್ಡ್ಸ್ ಒಪ್ಪಲಿಲ್ಲ. ಹಾಗಾಗಿ 'ಒಂದಾ, ಎರಡಾ' ಅನ್ನೋ ನಮ್ಮ ಮಹಾಯುದ್ಧಕ್ಕೆ ಕಾರಣ ಒಂದು ಕಂಪನಿಯ ಲೆಕ್ಕಾಚಾರ.

ಆದರೂ ಯುದ್ಧಕ್ಕೆ ಇಳಿಯೋದಾದರೆ ಹಾಡು ಬರೆದವರ ಹೆಸರು ನೋಡಿ ಇಳಿಯಿರಿ. ಮೊದಲ ಭಾಗ ಬಹುಪಾಲು ಹಾನ್ಸೆನ್‌ದು. 'ಐಯಾಮ್ ಅಲೈವ್', 'ಟ್ವೈಲೈಟ್ ಆಫ್ ದ ಗಾಡ್ಸ್', 'ಫ್ಯೂಚರ್ ವರ್ಲ್ಡ್', ಹದಿಮೂರು ನಿಮಿಷದ 'ಹಾಲೋವೀನ್', ಎಲ್ಲ ಅವನವೇ. ಎರಡನೆಯದರಲ್ಲಿ ವೈಕಾತ್ ಕೈ ಮೇಲು. 'ಈಗಲ್ ಫ್ಲೈ ಫ್ರೀ', 'ಡಾಕ್ಟರ್ ಸ್ಟೈನ್', ಹದಿಮೂರು ನಿಮಿಷಕ್ಕೂ ಮೀರಿದ ಶೀರ್ಷಿಕೆ ಹಾಡು, ಮೂರೂ ಅವನದು. ಹಾನ್ಸೆನ್ 'ಐ ವಾಂಟ್ ಔಟ್' ಅಂತ ಒಂದು ಹಾಡು ಕೊಟ್ಟ, ಸ್ವಲ್ಪ ಕಾಲಕ್ಕೆ ನಿಜವಾಗಿಯೂ ಹೊರಟೇ ಹೋದ. ಇಷ್ಟು ಚೆನ್ನಾಗಿರೋ ರಾಜೀನಾಮೆ ಪತ್ರ ಯಾವ ಆಫೀಸಿನಲ್ಲೂ ಯಾರೂ ಬರೆದಿರಲಿಕ್ಕಿಲ್ಲ.

ನನ್ನ ವೋಟು ಎರಡನೇ ಭಾಗಕ್ಕೆ. ಕಾರಣ 'ಈಗಲ್ ಫ್ಲೈ ಫ್ರೀ' ಒಂದೇ ಸಾಕು. ಹೆಡ್‌ಫೋನ್ ಹಾಕಿಕೊಂಡು, ಈ ಸಲ ಕಿಸ್ಕೆಯನ್ನು ಕೇಳಬೇಡಿ. ಕಷ್ಟ, ಗೊತ್ತು. ಅವನ ಕೆಳಗೆ ಇಂಗೊ ಏನು ಮಾಡ್ತಿದ್ದಾನೆ ಅಂತ ಮಾತ್ರ ಕೇಳಿ. ಬಾಸ್ ಡ್ರಮ್ ಎರಡೂ ಒಂದೇ ಸಮನೆ ಓಡುತ್ತಿದ್ದರೂ ಯಂತ್ರದ ಥರ ಇಲ್ಲ, ಒಂದು ನಗುವಿದೆ ಅದರಲ್ಲಿ. ಸಾಲಿನ ಕೊನೆಗೆ ಬಂದಾಗ ಒಂದು ಚಿಕ್ಕ ತಿರುವು ಹಾಕಿ ಮತ್ತೆ ಓಟಕ್ಕೆ ಸೇರಿಕೊಳ್ಳುತ್ತಾನೆ. ಹಾಡಿನ ನಡುವೆ ಗಿಟಾರುಗಳ ಸರದಿ ಇದೆ ಸರಿ. ಆದರೆ ಬಾಸ್‌ಗೂ ಒಂದು ತುಣುಕು, ಡ್ರಮ್‌ಗೂ ಒಂದು ತುಣುಕು ಕೊಟ್ಟಿದ್ದಾರೆ. ಸ್ಟಾರ್ ಗಾಯಕ ಇಟ್ಟುಕೊಂಡ ಬ್ಯಾಂಡ್ ಹಾಡಿನ ನಟ್ಟನಡುವೆ ಎಲ್ಲ ನಿಲ್ಲಿಸಿ ಡ್ರಮ್ಮರ್‌ಗೆ ಜಾಗ ಬಿಡುತ್ತೆ ಅಂದರೆ, ತಮ್ಮ ಬಲ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

'ಹಾಗಾದ್ರೆ ಜೆರಿಕೋದಲ್ಲೂ ಇಂಗೊನೇ ಇದ್ದ, ಕಿಸ್ಕೆ ಬಂದ ಮೇಲೆ ತಾನೇ ಜಗತ್ತು ತಿರುಗಿ ನೋಡಿದ್ದು' ಅಂತ ಕಿಸ್ಕೆ ಪಾರ್ಟಿಯವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ 1993ರ 'ಕಮೀಲಿಯನ್'. ಅಲ್ಲಿ ಕಿಸ್ಕೆ ಇದ್ದಾನೆ, ಗಂಟಲು ಇನ್ನೂ ಹಣ್ಣಾಗಿದೆ. ಇಂಗೊನೂ ಇದ್ದಾನೆ. ಆದರೆ ಹಾಡುಗಳು ಅವನ ಕಾಲನ್ನು ಕಟ್ಟಿಹಾಕಿವೆ. ಪಾಪ್, ತುತ್ತೂರಿ, ಸಾವಕಾಶದ ಹಾಡುಗಳು, ಓಟ ಮಾತ್ರ ಇಲ್ಲ. ಅಭಿಮಾನಿಗಳು ಮುಖ ತಿರುಗಿಸಿದರು. ಅದೇ ಗಂಟಲು ಇದ್ದೂ ಯಾಕೆ ಹಾಗಾಯ್ತು? ನೀವೇ ಹೇಳಿ. (ಆ ಆಲ್ಬಂ ಅಷ್ಟೇನೂ ಕೆಟ್ಟದ್ದಲ್ಲ ಅಂತ ಹೇಳೋ ಒಬ್ಬ ಗೆಳೆಯ ಇದ್ದಾನೆ. ಒಳ್ಳೆಯವನು, ಆದರೆ ಸಂಗೀತದ ವಿಷಯದಲ್ಲಿ ಅವನ ಮಾತು ಕೇಳಬಾರದು.)

ಇಂಗೊನ ಕಥೆ ಅಲ್ಲಿಂದ ಮುಂದೆ ತಮಾಷೆಯದ್ದಲ್ಲ. ಅವನಿಗೆ ಸ್ಕಿಜೋಫ್ರೇನಿಯಾ ಇತ್ತು. 1993ರಲ್ಲೇ ಬ್ಯಾಂಡ್‌ನಿಂದ ಹೊರಗಾದ. 1995ರ ಮಾರ್ಚ್‌ನಲ್ಲಿ ತಾನಾಗಿಯೇ ಜೀವ ಕಳೆದುಕೊಂಡ. ಆಗ ಅವನಿಗೆ 29 ವರ್ಷ.

ಅದೇ 1995 ಈ ಸಂಗೀತದ ದೊಡ್ಡ ವರ್ಷವೂ ಹೌದು. ಗಾಮಾ ರೇ ಬ್ಯಾಂಡ್‌ನ 'ಲ್ಯಾಂಡ್ ಆಫ್ ದ ಫ್ರೀ', ಬ್ಲೈಂಡ್ ಗಾರ್ಡಿಯನ್‌ನ 'ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್', ಎರಡೂ ಆ ವರ್ಷದವು. ಗಾಮಾ ರೇ ಅಂದರೆ ಹಾನ್ಸೆನ್ ಹೆಲೋವೀನ್ ಬಿಟ್ಟ ಮೇಲೆ ಕಟ್ಟಿದ ಬ್ಯಾಂಡ್. ಮೊದಲ ಮೂರು ಆಲ್ಬಂ ರಾಲ್ಫ್ ಶೇಪರ್ಸ್ ಹಾಡಿದ. ಅವನು ಹೋದ ಮೇಲೆ ಬೇರೆ ಗಾಯಕನನ್ನು ತರದೆ ಹಾನ್ಸೆನ್ ತಾನೇ ಮೈಕ್ ಹಿಡಿದ. ಗಂಟಲಿನ ಲೆಕ್ಕ ಹಾಕೋದಾದರೆ ಇದು ನಷ್ಟದ ವ್ಯಾಪಾರ. ಶೇಪರ್ಸ್ ಮುಂದೆ ಹಾನ್ಸೆನ್ ಗಂಟಲು ಮೂಗಿನಿಂದ ಬಂದ ಹಾಗಿದೆ, ಅದನ್ನು ಅವನ ಅಭಿಮಾನಿಗಳೂ ಒಪ್ಪುತ್ತಾರೆ. ಆದರೂ ಆ ಬ್ಯಾಂಡ್‌ನ ಅತ್ಯುತ್ತಮ ಆಲ್ಬಂ ಅದೇ. ಗಾಯಕನೇ ಎಲ್ಲ ಅನ್ನೋರು ಇದಕ್ಕೇನು ಹೇಳ್ತಾರೋ ನೋಡಬೇಕು.

ಆಲ್ಬಂ ಶುರುವಾಗೋದು 'ರೆಬೆಲಿಯನ್ ಇನ್ ಡ್ರೀಮ್‌ಲ್ಯಾಂಡ್' ಅನ್ನೋ ಒಂಬತ್ತು ನಿಮಿಷದ ಹತ್ತಿರದ ಹಾಡಿನಿಂದ. ಮೆತ್ತಗೆ ಗಿಟಾರು, ಆಮೇಲೆ ಸೈನ್ಯ ನಡೆದ ಹಾಗೆ ಭಾರದ ನಡೆ. ಥಾಮಸ್ ನಾಕ್ ಅನ್ನೋ ಡ್ರಮ್ಮರ್, ಯಾವ ಪಟ್ಟಿಯಲ್ಲೂ ಹೆಸರು ಕಾಣದವನು, ಕಾಲನ್ನು ಹಿಡಿದಿಟ್ಟುಕೊಂಡು ಕಾಯ್ತಾನೆ. ಕಾದು ಕಾದು ಬಿಟ್ಟಾಗ ಬರುತ್ತಲ್ಲ, ಅದೇ ಗಮ್ಮತ್ತು. ಇದೇ ಆಲ್ಬಂನಲ್ಲಿ 'ಆಫ್ಟರ್‌ಲೈಫ್' ಅನ್ನೋ ಹಾಡನ್ನು ಇಂಗೊಗೆ ಅರ್ಪಿಸಿದ್ದಾರೆ. 'ಟೈಮ್ ಟು ಬ್ರೇಕ್ ಫ್ರೀ' ಹಾಡಿರೋದು ಕಿಸ್ಕೆ. 'ಫೇರ್‌ವೆಲ್'ನಲ್ಲಿ ಹಾನ್ಸಿ ಕುರ್ಷ್ ದನಿ ಇದೆ. ನಾವಿಲ್ಲಿ ಪಾರ್ಟಿ ಕಟ್ಟಿಕೊಂಡು ಬಡಿದಾಡ್ತಿದ್ದರೆ ಅವರೆಲ್ಲ ಒಬ್ಬರ ರೆಕಾರ್ಡಿಂಗಿಗೆ ಇನ್ನೊಬ್ಬರು ಹೋಗಿ ಹಾಡಿ ಬರ್ತಿದ್ದರು.

ಬ್ಲೈಂಡ್ ಗಾರ್ಡಿಯನ್ ಕ್ರೆಫೆಲ್ಡ್ ಊರಿನವರು. ಇವರ ಬಗ್ಗೆ ಮಾತಾಡೋರು ಹಾನ್ಸಿಯ ದನಿ, ಟೋಲ್ಕಿನ್ ಕಥೆ, ಪದರ ಪದರವಾಗಿ ಬರೋ ಕೋರಸ್ಸು, ಇಷ್ಟಕ್ಕೇ ನಿಲ್ಲುತ್ತಾರೆ. ಡ್ರಮ್ಮರ್ ಥೋಮನ್ ಸ್ಟೌಖ್ ಹೆಸರು ಯಾರೂ ಎತ್ತಲ್ಲ. 'ಇಮ್ಯಾಜಿನೇಷನ್ಸ್' ರೆಕಾರ್ಡ್ ಆಗಿದ್ದು ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ, ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಮಾಡಿದ ಫ್ಲೆಮಿಂಗ್ ರಾಸ್ಮುಸ್ಸೆನ್ ಕೈಯಲ್ಲಿ. ಡ್ರಮ್ ಎಷ್ಟು ಮುಂದೆ ನಿಂತಿದೆ ನೋಡಿ ಅದರಲ್ಲಿ. ಗಿಟಾರಿನ ಒಂದೊಂದು ತಿರುವಿಗೂ ಸ್ಟೌಖ್ ಉತ್ತರ ಕೊಡ್ತಾ ಹೋಗ್ತಾನೆ. 1998ರ 'ನೈಟ್‌ಫಾಲ್ ಇನ್ ಮಿಡಲ್ ಅರ್ಥ್' ಎಲ್ಲರ ಮೆಚ್ಚಿನದು, ನನಗೂ ಇಷ್ಟ. ಆದರೆ ಅಲ್ಲಿಂದ ಕೋರಸ್ಸಿನ ಪದರ ಏರ್ತಾ ಹೋಯ್ತು. 2002ರ 'ಎ ನೈಟ್ ಅಟ್ ದಿ ಆಪರಾ' ಹೊತ್ತಿಗೆ ಡ್ರಮ್ಮನ್ನು ಹುಡುಕಬೇಕು. ಬ್ಯಾಂಡ್ ಹೋಗ್ತಿದ್ದ ದಾರಿ ಹಿಡಿಸದೆ 2005ರಲ್ಲಿ ಸ್ಟೌಖ್ ಹೊರಟ. ಸ್ಯಾವೇಜ್ ಸರ್ಕಸ್ ಅಂತ ಹೊಸ ಬ್ಯಾಂಡ್ ಸೇರಿ ಅದೇ ವರ್ಷ 'ಡ್ರೀಮ್‌ಲ್ಯಾಂಡ್ ಮ್ಯಾನರ್' ತಂದ. ಕೇಳಿ ನೋಡಿ. ಹಾಡೋನು ಬೇರೆ, ಗಿಟಾರಿಗರು ಬೇರೆ, ಆದರೂ ತೊಂಬತ್ತರ ದಶಕದ ಬ್ಲೈಂಡ್ ಗಾರ್ಡಿಯನ್ನೇ ಕೇಳಿದ ಹಾಗಿದೆ. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇಲ್ಲಿ ಒಬ್ಬರು ಕೈ ಎತ್ತುತ್ತಾರೆ ಅಂತ ಗೊತ್ತು. 'ಬ್ಲೈಂಡ್ ಗಾರ್ಡಿಯನ್ ಶೋನಲ್ಲಿ ಇಡೀ ಜನ ಒಟ್ಟಿಗೆ ಹಾಡೋದು ದ ಬಾರ್ಡ್ಸ್ ಸಾಂಗ್. ಅದರಲ್ಲಿ ಡ್ರಮ್ಮೇ ಇಲ್ವಲ್ಲ ಸ್ವಾಮಿ!' ಹೌದು, ಇಲ್ಲ. ಎರಡು ಅಕೂಸ್ಟಿಕ್ ಗಿಟಾರು, ಜನರ ದನಿ, ಅಷ್ಟೇ. ಒಂದು ಗಂಟೆ ಮೈಮುರಿಯೋ ಹಾಗೆ ಓಡಿಸಿ ಆಮೇಲೆ ನೆರಳಲ್ಲಿ ಕೂರಿಸಿದರೆ ಯಾರಿಗೆ ಹಾಡೋಣ ಅನಿಸಲ್ಲ? ಇಡೀ ಶೋ ಅದೇ ಥರ ಇದ್ದಿದ್ದರೆ ಜನ ಟಿಕೆಟ್ ವಾಪಸ್ ಕೇಳ್ತಿದ್ದರು.

ಡ್ರಮ್ಮರ್ ಯೋರ್ಗ್ ಮೈಕೆಲ್ ಹೆಸರು ಹೇಳದಿದ್ದರೆ ತಪ್ಪಾಗುತ್ತೆ. ಈ ಮನುಷ್ಯ ರೇಜ್ ಬ್ಯಾಂಡ್‌ನ ಶುರುವಿನ ಆಲ್ಬಂಗಳಲ್ಲಿ ಇದ್ದಾನೆ, ಗ್ರೇವ್ ಡಿಗ್ಗರ್‌ನ 'ದ ರೀಪರ್'ನಲ್ಲಿ ಇದ್ದಾನೆ. ರನ್ನಿಂಗ್ ವೈಲ್ಡ್‌ನ 1994ರ 'ಬ್ಲ್ಯಾಕ್ ಹ್ಯಾಂಡ್ ಇನ್'ನಲ್ಲೂ ಇವನೇ. ಆಮೇಲೆ ಫಿನ್‌ಲ್ಯಾಂಡ್‌ನ ಸ್ಟ್ರಾಟೋವೇರಿಯಸ್‌ಗೆ ಹೋಗಿ ಜರ್ಮನ್ ಕಾಲನ್ನು ಅಲ್ಲಿಗೂ ದಾಟಿಸಿದ. ರನ್ನಿಂಗ್ ವೈಲ್ಡ್ ಅಂದರೆ ಕಡಲ್ಗಳ್ಳರ ಹಾಡಿನ ಬ್ಯಾಂಡ್, ರೋಲ್ಫ್ ಕಾಸ್ಪಾರೆಕ್‌ನ ಸಾಮ್ರಾಜ್ಯ. 'ಡೆತ್ ಆರ್ ಗ್ಲೋರಿ', 'ಪೈಲ್ ಆಫ್ ಸ್ಕಲ್ಸ್' ಇವಕ್ಕೆಲ್ಲ ಅಭಿಮಾನಿಗಳು ಇದ್ದಾರೆ. ನನಗೆ 'ಬ್ಲ್ಯಾಕ್ ಹ್ಯಾಂಡ್ ಇನ್' ಮುಂದೆ ಅವೆರಡೂ ಸ್ವಲ್ಪ ಸಪ್ಪೆ, ಕಾರಣ ನಿಮಗೆ ಈಗ ಗೊತ್ತಲ್ಲ. 2000ದ 'ವಿಕ್ಟರಿ'ಯಿಂದ ಡ್ರಮ್ಮರ್ ಜಾಗದಲ್ಲಿ ಆ್ಯಂಜೆಲೊ ಸಾಸ್ಸೊ ಅಂತ ಒಂದು ಹೆಸರು ಬಂತು. ಅಂಥ ಮನುಷ್ಯನೇ ಇಲ್ಲ, ಅದು ಡ್ರಮ್ ಯಂತ್ರ ಅಂತ ಅಭಿಮಾನಿಗಳು ಇವತ್ತಿಗೂ ಆಡಿಕೊಳ್ತಾರೆ. ನಿಜವೋ ಸುಳ್ಳೋ, ಅನುಮಾನ ಬರೋ ಹಾಗೆ ಕೇಳಿಸುತ್ತಲ್ಲ, ಅದೇ ಸಮಸ್ಯೆ. ಬರೆದವನು ಅದೇ ರೋಲ್ಫ್, ಹಾಡಿದವನೂ ಅವನೇ, ರಿಫ್ ಕೂಡ ಅದೇ ಥರದ್ದು. ಕೆಳಗೆ ಜೀವ ಇಲ್ಲ.

ಎಡ್‌ಗೈ ಬಗ್ಗೆ ಜಾಸ್ತಿ ಹೇಳಲ್ಲ. ಫುಲ್ಡಾದ ಶಾಲಾ ಹುಡುಗರು ಕಟ್ಟಿದ ಬ್ಯಾಂಡ್, ಟೋಬಿಯಾಸ್ ಸಾಮೆಟ್‌ನ ಹಾಡು ಕಟ್ಟೋ ಜಾಣತನಕ್ಕೆ ಸಾಟಿ ಇಲ್ಲ, 2001ರ 'ಮ್ಯಾಂಡ್ರೇಕ್' ಕೇಳದವರು ಕೇಳಿ. ಅಂದಹಾಗೆ ಎಡ್‌ಗೈ ಮೊದಲು ಇದ್ದ ಎಎಫ್‌ಎಂ ರೆಕಾರ್ಡ್ಸ್‌ನಿಂದಲೇ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡ್‌ನ ಆಲ್ಬಂಗಳೂ ಬಂದಿವೆ. 2013ರಲ್ಲಿ ಅವರು ಜರ್ಮನಿಯ ಮೆಟಲ್ ಹಬ್ಬ ವಾಕೆನ್‌ನಲ್ಲಿ ನುಡಿಸಿದ್ದೂ ಆಯ್ತು. ಮೆಟಲ್ ಅಂದ್ರೆ ಹೊರಗಿನವರದ್ದು ಅನ್ನೋ ಮಾವಂದಿರಿಗೆ ಇದನ್ನು ತೋರಿಸಿ.

ಕೊನೆಗೆ ಮತ್ತೆ ಹೆಲೋವೀನ್. 2017ರಲ್ಲಿ ಹಾನ್ಸೆನ್, ಕಿಸ್ಕೆ ಇಬ್ಬರೂ ವಾಪಸ್ ಬಂದು 'ಪಂಪ್ಕಿನ್ಸ್ ಯುನೈಟೆಡ್' ಟೂರ್ ಶುರುವಾದಾಗ ಎಲ್ಲರ ಕಣ್ಣೂ ಕಿಸ್ಕೆ, ಅವನ ಜಾಗಕ್ಕೆ ಬಂದಿದ್ದ ಗಾಯಕ ಆ್ಯಂಡಿ ಡೆರಿಸ್ ಇಬ್ಬರ ಮೇಲೆ. ಯಾರು ಯಾವ ಹಾಡು ಹಾಡ್ತಾರೆ, ಯಾರ ಗಂಟಲು ಇನ್ನೂ ಗಟ್ಟಿ ಅಂತ. ಆ ಟೂರಿನಲ್ಲಿ ಈಗಿನ ಡ್ರಮ್ಮರ್ ಡಾನಿ ಲೋಬ್ಲೆ ಸ್ಟೇಜ್ ಮೇಲೆ ಬಾರಿಸ್ತಿದ್ದರೆ, ಹಿಂದಿನ ಪರದೆಯಲ್ಲಿ ಇಂಗೊನ ಹಳೇ ವಿಡಿಯೋ. ಒಬ್ಬ ಬಾರಿಸಿದ್ದಕ್ಕೆ ಇನ್ನೊಬ್ಬ ಉತ್ತರ ಕೊಟ್ಟ ಹಾಗೆ. 2021ರಲ್ಲಿ ಬಂದ ಆಲ್ಬಂ ಜರ್ಮನಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಮೂವರು ಹಾಡಿದ್ದಾರೆ ಅಂತ ಎಲ್ಲರೂ ಬರೆದರು. ಅದರ ರೆಕಾರ್ಡಿಂಗಿಗೆ ಲೋಬ್ಲೆ ಬಾರಿಸಿದ್ದು ಇಂಗೊನ ಹಳೇ ಡ್ರಮ್ ಸೆಟ್ಟನ್ನು. ಹಳೇ ಮೈಕು ಹುಡುಕಲಿಲ್ಲ ಅವರು, ಹಳೇ ಡ್ರಮ್ ತಂದರು.

ಸರಿ, ನನ್ನ ಪಟ್ಟಿ ಇಲ್ಲಿದೆ, ಬೈಯೋರು ಬೈಯಬಹುದು. ಮೊದಲು 'ಲ್ಯಾಂಡ್ ಆಫ್ ದ ಫ್ರೀ'. ಅದರ ಹಿಂದೆ ಕೂದಲೆಳೆಯಲ್ಲಿ 'ಕೀಪರ್' ಎರಡನೇ ಭಾಗ. ಮೂರನೆಯದು 'ಇಮ್ಯಾಜಿನೇಷನ್ಸ್', ನಾಲ್ಕನೆಯದು 'ಬ್ಲ್ಯಾಕ್ ಹ್ಯಾಂಡ್ ಇನ್'. ಐದನೆಯದಕ್ಕೆ ಗ್ರೇವ್ ಡಿಗ್ಗರ್‌ನ 'ಟ್ಯೂನ್ಸ್ ಆಫ್ ವಾರ್' ಇಡೋಣ ಅಂತಿದ್ದೆ, ಸ್ಕಾಟ್‌ಲ್ಯಾಂಡ್ ಇತಿಹಾಸದ ಮೇಲೆ ಜರ್ಮನ್ನರು ಮಾಡಿದ 1996ರ ಆಲ್ಬಂ ಅದು. ಆದರೆ 'ವಾಲ್ಸ್ ಆಫ್ ಜೆರಿಕೋ' ಬಿಟ್ಟರೆ ಹಾನ್ಸೆನ್ ಪಾರ್ಟಿಯವನು ಮನೆಗೇ ಬಂದು ಜಗಳ ತೆಗೀತಾನೆ. ಅದಕ್ಕೆ ಐದನೇ ಜಾಗ ಖಾಲಿ ಬಿಟ್ಟಿದ್ದೇನೆ. ಕಾಮೆಂಟಿನಲ್ಲಿ ನೀವೇ ತುಂಬಿ. ಷರತ್ತು ಒಂದೇ, ಆಲ್ಬಂ ಹೆಸರಿನ ಪಕ್ಕ ಡ್ರಮ್ಮರ್ ಹೆಸರೂ ಬರೀಬೇಕು. ಗೂಗಲ್ ನೋಡದೆ.