ಎಲ್ಲಕ್ಕೂ ‘ಮಿಕ್ಸ್ ಮಾಡ್ಕೊಳ್ಳಿ’ ಅಂದ್ರೆ ಹೇಗೆ?

ಅಡುಗೆ ವಿಡಿಯೋ ನೋಡುವವರಿಗೆಲ್ಲ ಈ ಮಾತು ಬಾಯಿಪಾಠ ಆಗಿರುತ್ತದೆ. ‘ಈಗ ಇದನ್ನ ಚೆನ್ನಾಗಿ ಮಿಕ್ಸ್ ಮಾಡ್ಕೊಳ್ಳಿ.’ ಚಪಾತಿ ಹಿಟ್ಟಿಗೂ ಅದೇ, ಮಜ್ಜಿಗೆಗೂ ಅದೇ, ಪುಳಿಯೋಗರೆಗೂ ಅದೇ. ಇಂಗ್ಲಿಷ್ ಪದ ಬಂತು ಅಂತ ನನಗೇನೂ ಸಿಟ್ಟಿಲ್ಲ. ಮಿಕ್ಸಿ, ಕುಕ್ಕರ್, ಗ್ಯಾಸು ಎಲ್ಲ ನಮ್ಮವೇ ಆಗಿ ಎಷ್ಟೋ ಕಾಲವಾಯ್ತು. ನನ್ನ ತಕರಾರು ಬೇರೆ. ಈ ಮಾತು ಕೇಳಿದರೆ ಕೈ ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ.

ನಮ್ಮ ಮಂಡ್ಯ ಕಡೆ ಹಿಟ್ಟು ಮಾಡುವುದನ್ನೇ ನೋಡಿ. (ಹಿಟ್ಟು ಅಂದ್ರೆ ಮುದ್ದೆ. ಬೆಂಗಳೂರು ಸೇರಿದ ಮೇಲೆ ನಾವೂ ಮುದ್ದೆ ಅನ್ನೋಕೆ ಶುರು ಮಾಡಿದ್ದೇವೆ, ಇರಲಿ.) ಮೊದಲು ಒಂದಿಷ್ಟು ರಾಗಿಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಡಬೇಕು. ಎಸರು ಚೆನ್ನಾಗಿ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಸುಮ್ನೆ ಬಿಡಬೇಕು. ಆಗ ಕೈಯಾಡಿಸಿದಿರೋ, ಕೆಟ್ಟಿತು. ಒಣಹಿಟ್ಟಿನ ಉಂಡೆಗೆ ಹೊರಗಡೆ ಮಾತ್ರ ಬಿಸಿನೀರು ತಾಗಿ ಅಂಟಾಗುತ್ತದೆ. ಆಮೇಲೆ ಒಳಗೆ ನೀರು ಇಳಿಯುವುದೇ ಇಲ್ಲ, ಗಂಟು ಹಾಗೇ ಉಳಿಯುತ್ತದೆ. ಹಿಟ್ಟು ಬೆಂದ ಮೇಲೆ ಉರಿ ತಗ್ಗಿಸಿ, ಪಾತ್ರೆ ಅಲುಗದಂತೆ ಕವೆಗೋಲಲ್ಲಿ ಒತ್ತಿ ಹಿಡಿದು, ಕೋಲಿನಿಂದ ತೊಳಸಬೇಕು. ರಟ್ಟೆಯ ಶಕ್ತಿಯೆಲ್ಲ ಬೇಕಾಗುವುದು ಅಲ್ಲೇ. ತೊಳಸಿದ್ದನ್ನು ಮಣೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಸುಡುಸುಡುತ್ತಿರುವಾಗಲೇ ನಾದಿ ಕಟ್ಟಬೇಕು.

ರಾಗಿ ಅದೇ, ನೀರು ಅದೇ. ಆದರೆ ಕದಡುವ ಕೈ ಬೇರೆ, ತೊಳಸುವ ಕೈ ಬೇರೆ, ನಾದುವ ಕೈ ಬೇರೆ. ಹಾಸ್ಟೆಲಿನಿಂದ ರೂಮಿಗೆ ಬಂದ ಹುಡುಗನೊಬ್ಬ ‘ಮಿಕ್ಸ್ ಮಾಡಿ’ ಅಂದಿದ್ದು ಕೇಳಿ, ಗುಡ್ಡೆ ಸುರಿದ ಕೂಡಲೇ ಸೌಟು ಆಡಿಸಿದರೆ ತಪ್ಪು ಅವನದಾ?

ಮೈಸೂರಿಗೆ ಬಂದರೆ ಮೈಸೂರ್ ಪಾಕ್ ಇದೆ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಕಾಕಾಸುರ ಮಾದಪ್ಪ ಮೊದಲು ಮಾಡಿದ್ದು ಅಂತ ಹೇಳುತ್ತಾರಲ್ಲ, ಅದೇ. ಎಳೆ ಪಾಕಕ್ಕೆ ಕಡಲೆಹಿಟ್ಟು ಉದುರಿಸುತ್ತ, ಕಾದ ತುಪ್ಪ ಬಿಡುತ್ತ ಗೊಟಾಯಿಸುತ್ತಿರಬೇಕು. ಗೊಟಾಯಿಸು ಅಂದ ಮೇಲೆ ನಡುವೆ ಕೈಬಿಟ್ಟು ಫೋನ್ ಎತ್ತುವ ಹಾಗಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಇನ್ನು ಹಾಲಿಗೆ ನೀರು ಬೆರೆಸುತ್ತಾರೆ, ಕಲಸುವುದಿಲ್ಲ. ಮೊಸರನ್ನ ಕಲಸುತ್ತಾರೆ. ಹುಣಸೆಹಣ್ಣು ಕಿವುಚುತ್ತಾರೆ. ಯಾವುದಕ್ಕೆ ಯಾವುದು ಅಂತ ಯಾರೂ ಕೂತು ಪಾಠ ಹೇಳಿಕೊಟ್ಟದ್ದಲ್ಲ.

ಹಾಗಂತ ಎಲ್ಲಕ್ಕೂ ಕನ್ನಡ ಪದ ಹುಟ್ಟಿಸಲೇಬೇಕು ಅನ್ನುವ ಹಟವೂ ನನಗಿಲ್ಲ. ಹಾಲಿನ ಪ್ಯಾಕೆಟ್ ಮೇಲೆ ‘ಹೋಮೋಜಿನೈಸ್ಡ್’ ಅಂತ ಇರುತ್ತದೆ. ಫ್ರಾನ್ಸಿನ ಆಗುಸ್ತ್ ಗೋಲಾಂ 1899ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಶುರುವಾದ ಕೆಲಸ ಅದು. ಹಾಲನ್ನು ಭಾರಿ ಒತ್ತಡದಲ್ಲಿ ಸಣ್ಣ ಸಂದಿಯೊಳಗೆ ನುಗ್ಗಿಸುತ್ತಾರೆ. ಜಿಡ್ಡಿನ ಹನಿಗಳು ಒಡೆದು ಎಷ್ಟು ಸಣ್ಣಗಾಗುತ್ತವೆ ಅಂದರೆ ಮೇಲೆ ತೇಲಿ ಬಂದು ಕೆನೆಯಾಗಿ ಸೇರಿಕೊಳ್ಳುವುದಿಲ್ಲ. ಇದನ್ನು ‘ಏಕರೂಪಗೊಳಿಸಿದ ಹಾಲು’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ಜಿಡ್ಡು ಒಡೆದಿದೆ ಅಂತ ‘ಒಡೆದ ಹಾಲು’ ಅಂದರಂತೂ ಮುಗಿದೇ ಹೋಯ್ತು, ಅಂಗಡಿಗೆ ವಾಪಸ್ ತಂದುಕೊಡುತ್ತಾರೆ! ಅಲ್ಲಿ ಹೋಮೋಜಿನೈಸ್ಡ್ ಅಂತಲೇ ಇರಲಿ ಬಿಡಿ. ಅದು ಯಂತ್ರದ ಕೆಲಸ, ಮನೆಯಲ್ಲಿ ಯಾರೂ ಮಾಡಲ್ಲ. ನಾನು ಕೇಳುತ್ತಿರುವುದು ನಾವೇ ಕೈಯಾರೆ ಮಾಡುವ ಕೆಲಸದ ಬಗ್ಗೆ.

ಜಾಸ್ತಿ ಬೇಜಾರಾಗುವುದು ಮಸ್ಸೊಪ್ಪಿನ ವಿಷಯದಲ್ಲಿ. ಬೆಂದ ಬೇಳೆ, ಸೊಪ್ಪು ಎರಡನ್ನೂ ಕಡಗೋಲಿನಲ್ಲಿ ಮಸೆಯಬೇಕು. ಮಸೆದ ಮೇಲೂ ಅಲ್ಲೊಂದು ಎಲೆ, ಇಲ್ಲೊಂದು ಬೇಳೆ ನಾಲಿಗೆಗೆ ಸಿಗಬೇಕು. ಪೂರ್ತಿ ಒಂದೇ ಆಗುವ ಮೊದಲೇ ನಿಲ್ಲಿಸಬೇಕು, ಅದೇ ಅದರ ಹದ. ಈಗಿನ ವಿಡಿಯೋಗಳಲ್ಲಿ ಅದನ್ನೂ ಮಿಕ್ಸಿಗೆ ಹಾಕಿ ಗರ್ರ್ ಅನ್ನಿಸಿ, ಹಸಿರು ಪೇಸ್ಟ್ ಮಾಡಿ, ‘ಮಂಡ್ಯ ಸ್ಟೈಲ್’ ಅಂತ ಹೆಸರು ಬೇರೆ ಕೊಡುತ್ತಾರೆ. ಪೇಸ್ಟ್ ಮಾಡಿಕೊಂಡು ತಿನ್ನಿ, ಬೇಡ ಅನ್ನಲ್ಲ. ನಮ್ಮೂರಿನ ಹೆಸರು ಮಾತ್ರ ತೆಗೆದುಬಿಡಿ.