ಹೀನಿಯ ‘ಪನಿಷ್‌ಮೆಂಟ್’: ಇಣುಕುವವನೇ ಸಿಕ್ಕಿಬಿದ್ದ ಕವಿತೆ

ಐರಿಷ್ ಕವಿ ಷೇಮಸ್ ಹೀನಿಯ ‘ಪನಿಷ್‌ಮೆಂಟ್’ ಕವಿತೆಯನ್ನು (‘ನಾರ್ತ್’, 1975) ನಾನು ಓದಿದ ಲೇಖನವೊಂದು ಬರೀ ಗಂಡುನೋಟದ (ಹೆಣ್ಣನ್ನು ನೋಡುವ ವಸ್ತುವಾಗಿಸುವ ಗಂಡಿನ ದೃಷ್ಟಿಯ) ಉದಾಹರಣೆ ಮಾಡಿ ಮುಗಿಸಿಬಿಟ್ಟಿದೆ. ಸಿನಿಮಾ ಸಿದ್ಧಾಂತಿ ಲಾರಾ ಮಲ್ವಿಯನ್ನೂ ಫ್ರೆಂಚ್ ಮನೋವಿಶ್ಲೇಷಕ ಲಕಾನ್‌ನನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ ಆದ ಎಡವಟ್ಟು ಇದು. ಮಲ್ವಿಯಲ್ಲಿ ಅಧಿಕಾರ ನೋಡುವವನದು. ಲಕಾನ್ 1964ರ ಸೆಮಿನಾರಿನಲ್ಲಿ ಹೇಳುವುದು ಹೆಚ್ಚುಕಡಿಮೆ ಉಲ್ಟಾ: ಕಣ್ಣು ನನ್ನದು, ನೋಟ ವಸ್ತುವಿನ ಕಡೆಯದು, ಇಣುಕುವವನೇ ಸಿಕ್ಕಿಬೀಳುತ್ತಾನೆ.

ಕವಿತೆಯಲ್ಲಿರುವುದು ವ್ಯಭಿಚಾರಕ್ಕೆ ಶಿಕ್ಷೆಯಾಗಿ ಸತ್ತಳೆನ್ನಲಾದ, ಜೌಗುನೆಲದಲ್ಲಿ ಸಿಕ್ಕ ಪ್ರಾಚೀನ ಕಾಲದ ಹುಡುಗಿಯ ಶವ. ಅದರ ಕ್ರಮ ಗಮನಿಸಿ. ಶುರುವಾಗುವುದು ನೋಡುವುದರಿಂದಲ್ಲ, ಅವಳ ಕುತ್ತಿಗೆಯ ಹಗ್ಗದ ಜಗ್ಗಾಟ ಕವಿಗೇ ತಾಗುವುದರಿಂದ. ಆಮೇಲೆ ಜೌಗಿನಲ್ಲಿ ಮುಳುಗಿದ ದೇಹ ಕಾಣುತ್ತದೆ. ‘ಅವಳು’ ನಡುವೆ ‘ನೀನು’ ಆಗುತ್ತಾಳೆ. ಅವಳ ಕಣ್ಣಿಗೆ ಪಟ್ಟಿ, ತಿರುಗಿ ನೋಡಲಾರಳು. ಆದರೂ ಮಿದುಳು, ಸ್ನಾಯು, ಎಲುಬುಗಳ ಮೇಲೆ ಕಣ್ಣಾಡಿಸುವಾಗಲೇ ಅವನು ತನ್ನನ್ನು ಕದ್ದು ನೋಡುವವನೆಂದು ಕರೆದುಕೊಳ್ಳುತ್ತಾನೆ. ಬ್ರಿಟಿಷ್ ಸೈನಿಕರ ಸಂಗ ಮಾಡಿದ್ದಕ್ಕೆ ಡಾಂಬರು ಬಳಿಸಿಕೊಂಡ ಉತ್ತರ ಐರ್ಲೆಂಡಿನ ಹೆಂಗಸರ ಮುಂದೆ ಮೂಕನಾಗಿ ನಿಂತದ್ದನ್ನು ಬಿಟ್ಟು ಓದಿದರೆ ಈ ನಾಚಿಕೆಗೆ ಕಾರಣವೇ ಸಿಗದು. ಲೇಖನ ಬಿಟ್ಟಿರುವುದು ಅದನ್ನೇ.

ಅಂದಹಾಗೆ, 1952ರಲ್ಲಿ ಜರ್ಮನಿಯ ವಿಂಡೆಬಿಯಲ್ಲಿ ಸಿಕ್ಕ ಆ ‘ಹುಡುಗಿ’ ಬಹುಶಃ 16ರ ಆಸುಪಾಸಿನ ಹುಡುಗ ಎನ್ನುತ್ತವೆ ಆಮೇಲಿನ ಪರೀಕ್ಷೆಗಳು. ವ್ಯಭಿಚಾರದ ಕಥೆ ಹೀನಿಗೆ ಬಂದದ್ದು ಡೆನ್ಮಾರ್ಕಿನ ಪುರಾತತ್ವಜ್ಞ ಪಿ.ವಿ. ಗ್ಲೋಬ್‌ನ ಪುಸ್ತಕದಿಂದ.